ಕೂಗಿದರೆ ಓಗೊಡದ ಕೂಸನ್ನು ಬಂಡೆಗಳಲ್ಲಿ ಹುಡುಕುವುದು

ಆನೆಗೊಂದಿ, ಸಾಣಾಪುರ, ಹಿರೇಬೆಣಕಲ್ ಸುತ್ತಿನ ಗುಡ್ಡಗಳಲ್ಲಿ ಡೇರೆ ಹಾಕಿದ ಕಡೆ ಮೂರು-ನಾಲ್ಕು ವರ್ಷದ ಕೂಸು ಕಾಣಿಸಲಿಲ್ಲವೆಂದರೆ ಇದ್ದ ಮಂದಿಯೆಲ್ಲ ಹೆಸರು ಕೂಗುತ್ತ ದಿಕ್ಕಿಗೊಬ್ಬರು ಓಡುತ್ತಾರೆ. ಹತ್ತು ನಿಮಿಷದಲ್ಲಿ ಹೆಜ್ಜೆ ಗುರುತು ಅಳಿಸಿರುತ್ತದೆ. ಯಾರು ಎಲ್ಲಿ ನೋಡಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಗದ್ದಲಕ್ಕೆ ಬೆದರಿದ ಕೂಸು ಬಂಡೆಯ ಸಂದಿಯಲ್ಲಿ ಇನ್ನೊಂದು ಮೊಳ ಒಳಗೆ ಸರಿದಿರುತ್ತದೆ.

ಈ ವಯಸ್ಸಿನ ಮಕ್ಕಳಿಗೆ ತಾವು ದಾರಿ ತಪ್ಪಿದ್ದೇವೆ ಎಂಬುದೇ ತಿಳಿಯದು. ಓತಿಕ್ಯಾತದ ಹಿಂದೆ ಹೋಗುತ್ತವೆ, ಸುಸ್ತಾದರೆ ಸಿಕ್ಕ ನೆರಳಲ್ಲಿ ಮುದುಡಿ ಮಲಗುತ್ತವೆ. ತುಸು ದೊಡ್ಡ ಮಕ್ಕಳದ್ದು ಬೇರೆ ಕಥೆ. ಊಟ ಮಾಡದಿದ್ದರೆ ಪೊಲೀಸ್ ಹಿಡ್ಕೊಂಡು ಹೋಗ್ತಾನ, ಗುಮ್ಮ ಬರ್ತಾನ ಎಂದು ನಾವೇ ಹೆದರಿಸಿ ಬೆಳೆಸಿರುತ್ತೇವೆ. ಖಾಕಿ ತೊಟ್ಟವರು ಬ್ಯಾಟರಿ ಹಿಡಿದು ಹೆಸರು ಕೂಗಿದರೆ ಅದು ಉಸಿರು ಬಿಗಿಹಿಡಿದು ಕೂರುತ್ತದೆ. ಆದ್ದರಿಂದ ಹುಡುಕಲು ಹೋಗುವ ನಾವು, ಕೂಸು ಓಗೊಡುವುದಿಲ್ಲ ಎಂದುಕೊಂಡೇ ಕೆಲಸ ಶುರುಮಾಡುತ್ತೇವೆ.

ಮೊದಲ ನಿಮಿಷದಲ್ಲೇ ಇಬ್ಬರನ್ನು ನೀರಿನ ಕಡೆ ಓಡಿಸುತ್ತೇವೆ. ಉಳಿದೆಲ್ಲ ಕಡೆ ಗಂಟೆಗಳ ಲೆಕ್ಕವಾದರೆ ನೀರಿನಲ್ಲಿ ನಿಮಿಷಗಳ ಲೆಕ್ಕ. ನಮ್ಮ ಭಾಗದಲ್ಲಿ ನೀರೆಂದರೆ ಸಾಣಾಪುರ ಕೆರೆ, ತುಂಗಭದ್ರೆ, ಎಡದಂಡೆ ಕಾಲುವೆ. ಮೂರರಲ್ಲಿ ನನಗೆ ಹೆಚ್ಚು ಭಯ ಕಾಲುವೆಯದ್ದೇ. ಕಾಲುವೆಯ ಇಳಿಜಾರು ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿರುತ್ತದೆ, ಜಾರಿದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಹಾಗಾಗಿ ಹೋಗುವವರ ಕೈಯಲ್ಲಿ ಹಗ್ಗ ಇರಲೇಬೇಕು, ಯಾರೂ ನೀರಿಗೆ ಧುಮುಕಕೂಡದು. ಒಬ್ಬರು ದಂಡೆಯ ಮಣ್ಣಿನಲ್ಲಿ ಸಣ್ಣ ಪಾದದ ಗುರುತು, ಬಿಚ್ಚಿಟ್ಟ ಚಪ್ಪಲಿ ಇದೆಯೇ ನೋಡುತ್ತಾರೆ. ಇನ್ನೊಬ್ಬರು ನೀರು ಹರಿಯುವ ದಿಕ್ಕಿಗೆ ನಡೆದು ಸೇತುವೆ ಕಂಬ, ತೂಬು, ಕಸ ತಡೆಯುವ ಜಾಲರಿ ನೋಡುತ್ತಾರೆ. ಸಂಶಯ ಬಂದರೆ ಹರಿವು ತಗ್ಗಿಸಲು ನೀರಾವರಿ ಇಲಾಖೆಯವರಿಗೆ ಪೊಲೀಸರಿಂದಲೇ ಹೇಳಿಸಬೇಕು. ಕೆರೆಯಲ್ಲಾದರೆ ಹರಿಗೋಲಿನವರಷ್ಟು ನೀರು ಬಲ್ಲವರು ಬೇರೆ ಇಲ್ಲ.

ಇತ್ತ ಡೇರೆಗಳ ನಡುವೆ ಉಳಿದವರನ್ನು ಒಂದೇ ಕಡೆ ಕೂರಿಸಿ ತಲೆ ಎಣಿಸುತ್ತೇವೆ. ಒಬ್ಬರು ಪುಸ್ತಕ ಹಿಡಿಯುತ್ತಾರೆ. ಕೊನೆಗೆ ನೋಡಿದವರು ಯಾರು, ಎಷ್ಟು ಗಂಟೆಗೆ, ಮೈಮೇಲೆ ಏನಿತ್ತು, ಕಾಲಲ್ಲಿ ಏನಿತ್ತು ಎಂದು ಬರೆಯಬೇಕು. ‘ಈಗಷ್ಟೇ ಇಲ್ಲೇ ಇತ್ತು’ ಎಂಬ ಮಾತನ್ನು ನಂಬಬಾರದು. ಗಾಬರಿಯಲ್ಲಿ ನಲವತ್ತು ನಿಮಿಷವೂ ‘ಈಗಷ್ಟೇ’ ಆಗುತ್ತದೆ. ಮೊಬೈಲಿನಲ್ಲಿ ತೆಗೆದ ಕೊನೆಯ ಫೋಟೊದ ಸಮಯ ಸುಳ್ಳು ಹೇಳದು. ಈ ಬಂಡೆಗಾಡಿನಲ್ಲಿ ನಾಲ್ಕು ವರ್ಷದ ಕೂಸಿನ ನಡಿಗೆಯನ್ನು ನಾವು ಗಂಟೆಗೆ ಹೆಚ್ಚೆಂದರೆ 1 ಕಿ.ಮೀ. ಎಂದು ಹಿಡಿಯುತ್ತೇವೆ. ಒಂದು ಗಂಟೆಗೆ ಹುಡುಕಬೇಕಾದ ಜಾಗ ಸುಮಾರು 3 ಚದರ ಕಿ.ಮೀ., ಎರಡು ಗಂಟೆಗೆ 12 ದಾಟುತ್ತದೆ. ಸಮಯ ತಪ್ಪಾದರೆ ಜಾಗವೂ ತಪ್ಪು.

ಆಮೇಲೆ ಹತ್ತು ನಿಮಿಷ ಬಿಡಾರದೊಳಗೇ ಹುಡುಕಾಟ. ಮಡಚಿದ ಹಾಸಿಗೆ ರಾಶಿ, ಡೇರೆಯ ಮಡಿಕೆ, ನೀರಿನ ಡ್ರಮ್ಮು, ಶೌಚಾಲಯ, ನಿಂತ ಗಾಡಿಗಳ ಒಳಗೆ, ಕೆಳಗೆ ಮತ್ತು ಡಿಕ್ಕಿಯಲ್ಲಿ. ಬಿಸಿಲಲ್ಲಿ ನಿಂತ ಕಾರನ್ನು ಎಲ್ಲಕ್ಕಿಂತ ಮೊದಲು ತೆರೆಯಿರಿ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡಬೇಕು.

ಕೂಸು ಮಲಗಿದ್ದ ಡೇರೆಯನ್ನು ಮಾತ್ರ ಯಾರೂ ಮುಟ್ಟಕೂಡದು. 2021ರ ಅಕ್ಟೋಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲ ದಂಡೆಯ ಬಿಡಾರವೊಂದರಿಂದ ನಾಲ್ಕು ವರ್ಷದ ಹುಡುಗಿ ಕಾಣೆಯಾದಾಗ ಪೊಲೀಸರ ಕಣ್ಣಿಗೆ ಬಿದ್ದದ್ದು ಡೇರೆಯ ಜಿಪ್. ಅದು ಆ ಮಗುವಿನ ಕೈಗೆ ಎಟುಕದಷ್ಟು ಎತ್ತರಕ್ಕೆ ತೆರೆದಿತ್ತು. ಹದಿನೆಂಟು ದಿನಗಳ ನಂತರ ಬೀಗ ಹಾಕಿದ ಮನೆಯೊಂದರಲ್ಲಿ ಮಗು ಜೀವಂತವಾಗಿ ಸಿಕ್ಕಿತು. ಜಿಪ್ ಎಷ್ಟು ತೆರೆದಿದೆ ಎಂದು ಫೋಟೊ ತೆಗೆಯಿರಿ. ರಸ್ತೆ ಕೂಡುವಲ್ಲಿ ಇಬ್ಬರನ್ನು ನಿಲ್ಲಿಸಿ ಹೋಗುವ ಗಾಡಿಗಳ ನಂಬರ್ ಬರೆಸಿ.

ಹತ್ತು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಫೋನ್. ‘ಇಪ್ಪತ್ನಾಲ್ಕು ತಾಸು ಕಾಯಿರಿ’ ಎಂಬ ನಿಯಮ ಎಲ್ಲೂ ಇಲ್ಲ. ಕಾಣೆಯಾದ ಮಗುವಿನ ದೂರನ್ನು ಅಪಹರಣವೆಂದೇ ಹಿಡಿದು ಎಫ್‌ಐಆರ್ ಮಾಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಠಾಣೆಯ ಸರಹದ್ದು ಯಾವುದೆಂಬ ಜಗ್ಗಾಟವೂ ಬೇಡ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತದೆ. ಜೊತೆಗೆ ಮಕ್ಕಳ ಸಹಾಯವಾಣಿ 1098, ಅರಣ್ಯ ಇಲಾಖೆಯ 1926. ಅನುಮತಿ ಇಲ್ಲದೆ ಕಾಡಿನಲ್ಲಿ ಡೇರೆ ಹಾಕಿದವರು ಕೇಸಿಗೆ ಹೆದರಿ ಈ ಫೋನನ್ನು ತಡಮಾಡುತ್ತಾರೆ. ಅದಕ್ಕೆ ಕ್ಷಮೆಯಿಲ್ಲ.

ಪೊಲೀಸ್ ನಾಯಿ ಬರುವ ಮೊದಲು ವಾಸನೆಯ ವಸ್ತು ಎತ್ತಿಡಬೇಕು: ಕೂಸು ತೊಟ್ಟು ಬಿಟ್ಟ, ಒಗೆಯದ ಅಂಗಿ ಅಥವಾ ತಲೆದಿಂಬಿನ ಚೀಲ. ತಾಯಿಯೂ ಅದನ್ನು ಎದೆಗವುಚಿಕೊಳ್ಳುವಂತಿಲ್ಲ. ಹೇಳುವುದು ಕಷ್ಟ, ಆದರೂ ಹೇಳಬೇಕು. ಕಾಗದದ ಚೀಲವನ್ನು ಒಳಹೊರಗು ಮಾಡಿ ಕೈಗೆ ತೊಟ್ಟು ಎತ್ತಿದರೆ ನಮ್ಮ ವಾಸನೆ ತಾಗದು. ಮನೆಮಂದಿಯ ಬಟ್ಟೆ ತುಂಬಿದ ಬ್ಯಾಗಿನದ್ದು ಕೆಲಸಕ್ಕೆ ಬಾರದು. ಹೆಜ್ಜೆ ಸಿಕ್ಕರೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆದು, ಮೇಲೆ ಬಕೆಟ್ ಬೋರಲು ಹಾಕುತ್ತೇವೆ. ರಾತ್ರಿಯಾದರೆ ಬ್ಯಾಟರಿಯನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಹಿಡಿಯಬೇಕು. ಮೇಲಿಂದ ಬೆಳಕು ಬಿಟ್ಟರೆ ಗುರುತಿಗೆ ನೆರಳಿಲ್ಲ, ನೆರಳಿಲ್ಲದೆ ಗುರುತು ಕಾಣದು.

ಊರವರು ಬರುತ್ತಾರೆ, ಗುಡಿಯ ಮೈಕಿನಲ್ಲಿ ಒಮ್ಮೆ ಹೇಳಿದರೆ ಸಾಕು, ನೂರಾರು ಮಂದಿ. ಒಳ್ಳೆಯ ಮನಸ್ಸು, ಆದರೆ ಅಷ್ಟೂ ಜನರನ್ನು ಗುಡ್ಡಕ್ಕೆ ಬಿಡಬಾರದು. ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ 1969ರ ಜೂನ್‌ನಲ್ಲಿ ಆರು ವರ್ಷದ ಹುಡುಗ ಕಾಣೆಯಾದಾಗ ಹುಡುಕುವವರು ಸಾವಿರ ದಾಟಿದ್ದರು. ಗುರುತಿನಲ್ಲಿ ಮಳೆಯಿಂದ ಉಳಿದದ್ದನ್ನು ಕಾಲುಗಳು ತುಳಿದವು. ಹುಡುಗ ಸಿಗಲೇ ಇಲ್ಲ. ನಾವು ಎಂಟೆಂಟು ಮಂದಿಯ ಸಾಲು ಮಾಡುತ್ತೇವೆ, ಬಂಡೆಗಳಿದ್ದಲ್ಲಿ ಒಬ್ಬರಿಂದೊಬ್ಬರಿಗೆ 3 ಮೀಟರ್, ಬಯಲಲ್ಲಿ 8. ಪ್ರತಿ ಸಾಲಿಗೆ ಒಬ್ಬ ಕುರಿ ಕಾಯುವವರು. ಯಾವ ಸಂದಿ ಎಲ್ಲಿ ಹೊರಬೀಳುತ್ತದೆಂದು ಡ್ರೋನಿಗಿಂತ ಅವರಿಗೆ ಗೊತ್ತು. ಉಳಿದವರು ಬಾಳೆತೋಟ, ಗದ್ದೆಬದು, ರಸ್ತೆ ಕಾಯಲಿ.

ಪ್ರತಿ ಸಂದಿಯ ಮುಂದೆ ಮೊಣಕಾಲೂರಿ, ಕೂಸಿನ ಕಣ್ಣಿನ ಎತ್ತರದಿಂದ ನೋಡಬೇಕು. ನಿಂತು ಬ್ಯಾಟರಿ ಬಿಟ್ಟವರಿಗೆ ಒಳಗಿನ ತಿರುವು ಕಾಣುವುದಿಲ್ಲ. ನೋಡಿದ ಜಾಗಕ್ಕೆ ಬಟ್ಟೆಯ ಚಿಂದಿ ಕಟ್ಟಿ. ಬಣ್ಣ, ಸುಣ್ಣ ಬಳಿಯಬೇಡಿ, ಆದಿಮಾನವರ ಚಿತ್ರಗಳಿರುವ ಬಂಡೆಗಳಿವು. ಮೂರು ಸೀಟಿ ಊದಿ ಎರಡು ನಿಮಿಷ ಎಲ್ಲರೂ ಸ್ತಬ್ಧ, ಫೋನೂ ಬಂದ್. ಮುಲುಕು, ಬಿಕ್ಕಳಿಕೆ ಕೇಳುವುದು ಆ ಎರಡು ನಿಮಿಷದಲ್ಲೇ. ಕೂಗುವುದಿದ್ದರೆ ಮನೆಯ ಮುದ್ದುಹೆಸರಿನಿಂದ, ತಾಯಿಯ ದನಿಯಲ್ಲಿ: “ಬಾರೋ ಯಪ್ಪಾ, ಅವ್ವ ಇಲ್ಲೇ ಅದಾಳ, ಯಾರೂ ಬೈಯಂಗಿಲ್ಲ.” ಅದನ್ನು ಮುದ್ರಿಸಿಕೊಂಡು ಸ್ಪೀಕರಿನಲ್ಲಿ ಹಾಕಿದರೂ ಆದೀತು, ನಡುವೆ ಮೌನ ಬಿಟ್ಟು.

ಹೊತ್ತು ಮುಳುಗಿತೆಂದರೆ ಕರಡಿ ಹೊರಬೀಳುವ ಸಮಯ. ಗವಿಯ ಬಾಯಲ್ಲಿ ಹಸಿ ಲದ್ದಿ, ಗಬ್ಬು ವಾಸನೆ ಇದ್ದರೆ ಕೋಲು ತೂರಿಸಬೇಡಿ. ಅರಣ್ಯ ಸಿಬ್ಬಂದಿ ಬರುವವರೆಗೆ ದೂರದಿಂದ ಕಾಯಿರಿ. ಶಾಖ ನೋಡುವ ಡ್ರೋನ್ ಬಂದರೆ ಸಂಜೆಯೇ ಹಾರಿಸಿ ಬ್ಯಾಟರಿ ಮುಗಿಸಬೇಡಿ. ಹಗಲೆಲ್ಲ ಕಾದ ಬಂಡೆ ನಡುರಾತ್ರಿಯವರೆಗೂ ಮೈಬಿಸಿಯಷ್ಟೇ ಬೆಳಗುತ್ತದೆ. ಬೆಳಗಿನ ನಾಲ್ಕರಿಂದ ಸೂರ್ಯ ಮೂಡುವವರೆಗೆ ಕಲ್ಲು ತಣ್ಣಗಿರುತ್ತದೆ, ಆಗ ಮೈಯ ಶಾಖ ಎದ್ದು ಕಾಣುತ್ತದೆ.

ಸಿಕ್ಕ ಕೂಸನ್ನು ಒಬ್ಬರೇ ಎತ್ತಿಕೊಳ್ಳಬೇಕು, ಉಳಿದವರು ಸುತ್ತುವರಿಯಬಾರದು. ಬಿಸಿಲಲ್ಲಿ ಸಿಕ್ಕಿದ್ದರೆ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸಿ. ಎಚ್ಚರವಿದ್ದರೆ ಮಾತ್ರ ಚಮಚೆಯಲ್ಲಿ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ತೂಕಡಿಸುತ್ತಿದ್ದರೆ ಬಾಯಿಗೆ ಏನೂ ಬೇಡ, 108ಕ್ಕೆ ಫೋನ್ ಮಾಡಿ. ಚೆನ್ನಾಗಿದ್ದಂತೆ ಕಂಡರೂ ಡಾಕ್ಟರರಿಗೆ ತೋರಿಸಬೇಕು. ಬಟ್ಟೆ ಬದಲಿಸುವುದು ಪೊಲೀಸರು ನೋಡಿದ ಮೇಲೆ. ಅಷ್ಟರಲ್ಲಿ ಪುಸ್ತಕ ಹಿಡಿದವರು ಉದ್ದ ಸೀಟಿ ಊದಿ ಸಾಲುಗಳನ್ನು ವಾಪಸ್ ಕರೆದು, ಗುಡ್ಡ ಹತ್ತಿದ ಒಬ್ಬೊಬ್ಬರ ಹೆಸರಿನ ಮುಂದೆ ಗೀಟು ಹಾಕುತ್ತಾರೆ. ಗೀಟು ಬೀಳದ ಒಂದು ಹೆಸರು ಉಳಿದರೂ ಆ ಸಾಲಿನವರು ಮನೆಗೆ ಹೋಗುವಂತಿಲ್ಲ.