ಕಲಬುರ್ಗಿ ಬಿಸಲು, ತೊಗರಿ ಧೂಳ, ನನ್ನ ಲ್ಯಾಪ್‌ಟಾಪ್ – ನನ್ನ ಅನುಭವ

ಹೊಸ ಲ್ಯಾಪ್‌ಟಾಪ್ ಯಾವ್ದು ತಗೋಬೇಕು ಅಂತ ಯಾರರ ಕೇಳಿದ್ರ ನಾನು ಮೊದಲ ನೋಡೋದು ಪ್ರೊಸೆಸರ್ ಅಲ್ರಿ. ಹಿಂದಿನ ಮುಚ್ಚಳ ಸ್ಕ್ರೂ ಬಿಚ್ಚಿ ತೆಗೀಲಾಕ ಬರ್ತದೇನು, ಒಳಗಿನ ಫ್ಯಾನ್ ಕೈಗೆ ಸಿಗ್ತದೇನು, ಅದು ನೋಡ್ತೀನಿ.

ಯಾಕಂದ್ರ ನಂದು ದಾಲ್ ಮಿಲ್‌ಗಳ ಲೆಕ್ಕ ಬರಿಯೋ ಕೆಲಸ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಇಷ್ಟೇ. ಇದಕ್ಕ ದೊಡ್ಡ ಮಷಿನ್ ಏನ್ ಬ್ಯಾಡ, ಆದ್ರ ಕುಂದ್ರೋ ಜಾಗ ನೋಡ್ಬೇಕು, ತೊಗರಿ ಹೊಟ್ಟಿನ ಧೂಳ ಯಾವಾಗ್ಲೂ ಗಾಳ್ಯಾಗ ಇರ್ತದ, ಏಪ್ರಿಲ್-ಮೇದಾಗ ಹೊರಗ 42-43 ಡಿಗ್ರಿ, ಆಫೀಸ್ ಅಂದ್ರ ತಗಡಿನ ಶೆಡ್ಡು, ಒಳಗ ಇನ್ನೂ ಜಾಸ್ತಿ. ಲ್ಯಾಪ್‌ಟಾಪ್ ಕಂಪನಿಗಳ ಕಾಗದ ಓದಿ ನೋಡ್ರಿ, ಭಾಳಷ್ಟು ಮಾಡೆಲ್‌ಗೆ 35 ಡಿಗ್ರಿ ತನಕ ನಡಸ್ರಿ ಅಂತ ಬರ್ದಿರ್ತದ. ಅಂದ್ರ ನಮ್ಮ ಬ್ಯಾಸಿಗಿ ಪೂರ್ತಿ ಅವ್ರು ಹಾಕಿದ ಗೆರಿ ದಾಟೇ ನಾವು ಕೆಲಸ ಮಾಡ್ತೀವಿ. ಅದಕ್ಕ ಇಲ್ಲಿ ಲ್ಯಾಪ್‌ಟಾಪ್ ಹಾಳಾಗೋದು ಹಳೇದಾಗಿ ಅಲ್ಲ, ಕಾವಿಗೆ.

ನಾನು 2021ರಾಗ ತಗೊಂಡಿದ್ದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಇ14, ಎಎಂಡಿಯ ರೈಜನ್ 5 4500ಯು ಪ್ರೊಸೆಸರ್ ಇರೋದು. ಅದೇ ರೊಕ್ಕದಾಗ ಇನ್ನೂ ತೆಳ್ಳಗಿನವು, ಚಂದ ಕಾಣೋವು ಇದ್ವು. ಇದನ್ನ ಆರಿಸಿದ್ದು ಎರಡು ಕಾರಣಕ್ಕ. ಒಂದು, ಇದರ ಸರ್ವೀಸ್ ಮ್ಯಾನುವಲ್ ಕಂಪನಿ ವೆಬ್‌ಸೈಟಿನಾಗ ಫುಕಟ್ ಸಿಗ್ತದ, ಯಾವ ಸ್ಕ್ರೂ ಎಲ್ಲಿ, ಬ್ಯಾಟರಿ ಹೆಂಗ ತೆಗಿಯೋದು, ಎಲ್ಲಾ ಚಿತ್ರ ಸಮೇತ. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಪ್ರೊಬುಕ್ಕಿಗೂ ಹಂಗೇ ಸಿಗ್ತದ. ಎರಡನೇದು, ರ‍್ಯಾಮ್ (ಕೆಲಸ ನಡೆದಾಗ ಲ್ಯಾಪ್‌ಟಾಪ್ ಬಳಸೋ ಮೆಮೊರಿ) ಒಂದು ಬೋರ್ಡಿಗೇ ಬೆಸುಗೆ ಹಾಕಿದ್ರೂ ಇನ್ನೊಂದು ಸ್ಲಾಟ್ ಖಾಲಿ ಇತ್ತು.

ಕ್ಷಮಿಸ್ರಿ, ರ‍್ಯಾಮ್ ವಿಷಯ ಸ್ವಲ್ಪ ಬಿಡಿಸೇ ಹೇಳ್ತೀನಿ. ಈಗಿನ ತೆಳ್ಳಗಿನ ಮಾಡೆಲ್‌ನಾಗ ರ‍್ಯಾಮ್ ಪೂರ್ತಿ ಬೆಸುಗೆನೇ ಇರ್ತದ, 8 ಜಿಬಿ ತಗೊಂಡ್ರ ಸಾಯೋ ತನಕ 8 ಜಿಬಿನೇ. ಅಂಗಡ್ಯಾಗ ಕೇಳ್ರಿ, ಸ್ಲಾಟ್ ಅದನೊ ಇಲ್ಲೊ. ಇಲ್ಲ ಅಂದ್ರ ಮೊದಲೇ 16 ಜಿಬಿ ತಗೋಬೇಕು.

ಪ್ರೊಸೆಸರ್ ಹೆಸರಿನಾಗೂ ಸ್ವಲ್ಪ ಹುಷಾರ್ ಇರ್ರಿ. ಕೊನಿಗೆ ಯು ಇದ್ರ ಕರೆಂಟ್ ಕಮ್ಮಿ ತಿಂತದ, ಕಾವು ಕಮ್ಮಿ, ಎಚ್ ಇದ್ರ ಜೋರ್ ಇರ್ತದ ಆದ್ರ ಹಂಗೇ ಕಾಯ್ತದ, ಲೆಕ್ಕದ ಕೆಲಸಕ್ಕ ಅದು ಬ್ಯಾಡೇ ಬ್ಯಾಡ. ರೈಜನ್ 7000 ಸರಣ್ಯಾಗ ಮೂರನೇ ಅಂಕಿ ನೋಡ್ಬೇಕು: 7520ಯು ಅಂದ್ರ ಒಳಗ ಝೆನ್ 2 ಅನ್ನೋ ಹಳೇ ಡಿಸೈನ್, 7530ಯು ಅಂದ್ರ ಝೆನ್ 3. ನಂಬರ್‌ನಾಗ 10 ಫರಕ್, ಒಳಗಿನ ಡಿಸೈನ್‌ನಾಗ ಒಂದು ಪೀಳಿಗಿ ಫರಕ್. ಸೆಕೆಂಡ್ ಹ್ಯಾಂಡ್ ತಗೊಳ್ಳೋರಂತೂ ಇಂಟೆಲ್ 8ನೇ ಜನರೇಶನ್ ಕೆಳಗಿಂದು ಮುಟ್ಟಬ್ಯಾಡ್ರಿ, ವಿಂಡೋಸ್ 11 ಅದಕ್ಕ ಅಧಿಕೃತವಾಗಿ ಬರಂಗಿಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗಿದದ. ಸೆಕ್ಯುರಿಟಿ ಅಪ್‌ಡೇಟ್ ಬರದೇ ಇದ್ರ ಅಪಾಯ, ಬ್ಯಾಂಕು, ಜಿಎಸ್‌ಟಿ ಪಾಸ್‌ವರ್ಡ್ ಹೊಡಿಯೋ ಮಷಿನ್ ಅದು.

ವಾರಂಟಿನೂ ನೋಡ್ರಿ. ಆನ್‌ಸೈಟ್ ಅಂತ ಬರ್ದಿರ್ತದ, ಆದ್ರ ನಮ್ಮ 585ರಿಂದ ಶುರುವಾಗೋ ಪಿನ್‌ಕೋಡಿಗೆ ಮನೀಗೆ ಬರ್ತಾರೇನು ಅಂತ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಕೇಳಿಯೇ ನಾನು ರೊಕ್ಕ ಕೊಟ್ಟಿದ್ದು. ಬಿಚ್ಚಿ ಧೂಳ ತೆಗೆದ್ರ ವಾರಂಟಿ ಹೋಗ್ತದೇನು ಅನ್ನೋದೂ ಆವಾಗ್ಲೇ ಕೇಳ್ಕೊಂಡೆ.

ಈಗ ಬಾಳಿಕಿ ವಿಷಯ. ನನಗ ಎಲ್ಲಕ್ಕಿಂತ ಮುಖ್ಯ ಅನ್ಸೋದು ಫ್ಯಾನ್. ಸಂಕ್ರಾಂತಿ ಹೊತ್ತಿಗೆ ಹೊಸ ತೊಗರಿ ಬಂದು ಮಿಲ್ ಜೋರ್ ನಡೀತಾವ, ಆ ಗದ್ದಲ ಇಳಿದ ಮ್ಯಾಲ, ಬಿಸಲು ಏರೋದ್ರಾಗ, ಒಂದ್ಸಲ ಬಿಚ್ತೀನಿ. ಮೊದಲ ಬಂದ್ ಮಾಡಿ ಚಾರ್ಜರ್ ತೆಗೀಬೇಕು, ಮುಚ್ಚಳ ತೆಗೆದ ಕೂಡ್ಲೇ ಬ್ಯಾಟರಿ ಕನೆಕ್ಟರ್ ಬಿಡಸ್ಬೇಕು, ಆಮ್ಯಾಲ ಫ್ಯಾನಿನ ರೆಕ್ಕಿ ಬೆರಳಿಂದ ಹಿಡ್ಕೊಂಡು ಮೆತ್ತನ್ನ ಬ್ರಷ್‌ಲೆ, ಬ್ಲೋವರ್‌ಲೆ ಧೂಳ ಹೊಡೀಬೇಕು. ಹಿಡೀದೇ ಬ್ಲೋವರ್ ಬಿಟ್ರ ಫ್ಯಾನ್ ತನ್ನ ಮಿತಿಗಿಂತ ಜೋರ್ ತಿರುಗಿ ಬೇರಿಂಗ್ ಕೆಡ್ತದ. ಧೂಳ ಭಾಳ ಕಟ್ಟೋದು ಫ್ಯಾನಿನ ಮ್ಯಾಲಲ್ಲ, ಅದರ ಬಾಯಿಗೆ ಇರೋ ತಾಮ್ರದ ಜಾಳಿಗ್ಯಾಗ, ಹೊಟ್ಟು ಕಂಬಳಿ ಹಂಗ ಕುಂತಿರ್ತದ. ಅದು ತೆಗೆದ ದಿನವೇ ಸಪ್ಪಳ ಕಮ್ಮಿ ಆಗ್ತದ, ಕೈಗೆ ಗೊತ್ತಾಗ್ತದ.

ಹಾಸಗಿ, ಗಾದಿ ಮ್ಯಾಲ ಇಡಂಗಿಲ್ಲ. ಬಿಸಲಾಗ ನಿಲ್ಸಿದ ಗಾಡಿ ಡಿಕ್ಕ್ಯಾಗಂತೂ ಇಲ್ಲೇ ಇಲ್ಲ.

ಕರೆಂಟ್ ಬಗ್ಗೆ ಮಂದಿಗೆ ಅಂಜಿಕಿ ಭಾಳ. ಮಿಲ್ಲಿನ ಮೋಟಾರ್ ಚಾಲೂ ಆದಾಗ ವೋಲ್ಟೇಜ್ ಇಳೀತದ ಅಂತ ಸ್ಟೆಬಿಲೈಜರ್ ತರ್ತಾರ, ಅದು ಬೇಕಾಗಿಲ್ಲ, ಚಾರ್ಜರ್ ಮ್ಯಾಲೇ ಇನ್‌ಪುಟ್ 100-240 ವೋಲ್ಟ್ ಅಂತ ಬರ್ದಿರ್ತದ ನೋಡ್ರಿ. ಖರೇ ಹೊಡ್ತ ಬೀಳೋದು ಸಿಡಿಲಿಗೆ, ಕರೆಂಟ್ ಹೋಗಿ ಒಮ್ಮಿಗೇ ಬರೋದಕ್ಕ. ಮೇದಾಗ ಗಾಳಿ-ಗುಡುಗು ಶುರುವಾದ್ರ ಪ್ಲಗ್ ಕಿತ್ತೇ ಬಿಡ್ತೀನಿ. ಇನ್ನ ಲೋಹದ ಬಾಡಿ ಮುಟ್ಟಿದ್ರ ಜುಮ್ ಅಂತದ ಅಂದ್ರ ಅರ್ಥಿಂಗ್ ನೋಡಸ್ರಿ, ಮೂರು ಪಿನ್ನಿನ ಚಾರ್ಜರ್‌ಗೆ ಎರಡು ಪಿನ್ನಿನ ಕನ್ವರ್ಟರ್ ಹಚ್ಚಬ್ಯಾಡ್ರಿ.

ಬ್ಯಾಟರಿಗೆ ವೈರಿ ಅಂದ್ರ ಕಾವು ಮತ್ತ ಫುಲ್ ಚಾರ್ಜ್, ಎರಡೂ ಕೂಡಿದ್ರ ಲಗೂನ ಸಾಯ್ತದ. ಮಿಲ್‌ನಾಗ ಯಾವಾಗ್ಲೂ ಪ್ಲಗ್ ಹಚ್ಚೇ ಕುಂದರ್ತೀನಿ, ಅದಕ್ಕ ಲೆನೊವೊ ವ್ಯಾಂಟೇಜ್ ಆ್ಯಪ್‌ನಾಗ ಚಾರ್ಜ್ 80 ಪರ್ಸೆಂಟಿಗೆ ನಿಲ್ಲೋ ಹಂಗ ಮಾಡೀನಿ, ಬ್ಯಾರೆ ಕಂಪನ್ಯಾಗೂ ಇಂಥಾ ಸೆಟ್ಟಿಂಗ್ ಇರ್ತದ, ಕೆಲವಕ್ಕ ಬಯೋಸ್‌ನಾಗ (ವಿಂಡೋಸ್ ಶುರುವಾಗೋಕಿಂತ ಮೊದಲ ತೆರೆಯೋ ಸೆಟ್ಟಿಂಗ್). ಕಮಾಂಡ್ ಪ್ರಾಂಪ್ಟ್‌ನಾಗ powercfg /batteryreport ಅಂತ ಹೊಡೆದ್ರ ಒಂದು ರಿಪೋರ್ಟ್ ಫೈಲ್ ಆಗ್ತದ, ಅದನ್ನ ತೆರೆದ್ರ ಹೊಸದಿದ್ದಾಗ ಎಷ್ಟು ಹಿಡೀತಿತ್ತು, ಈಗ ಎಷ್ಟು ಹಿಡೀತದ ಅಂತ ಎರಡೂ ಕಾಣ್ತಾವ. ನಂದು ಅರ್ಧಕ್ಕ ಬಂದಾಗ ಬದಲಿ ಮಾಡ್ದೆ. ಹಳೇ ಬ್ಯಾಟರಿ ಮ್ಯಾಲಿರೋ ಪಾರ್ಟ್ ನಂಬರ್ ಫೋಟೋ ಹೊಡ್ಕೊಂಡು ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಅದೇ ನಂಬರಿಂದು ತಂದೆ, ಮಾಡೆಲ್ ಹೆಸರು ಹೇಳಿದ್ರ ಡೂಪ್ಲಿಕೇಟ್ ಕೊಡೋರೂ ಇರ್ತಾರ. ಟಚ್‌ಪ್ಯಾಡ್ ಮ್ಯಾಲಕ್ಕ ಉಬ್ಬಿದ್ರ ಮಾತ್ರ ಅರ್ಧ ಗಿರ್ಧ ಅಂತ ಕಾಯಬ್ಯಾಡ್ರಿ, ಬ್ಯಾಟರಿ ಊದಿರ್ತದ, ಅವತ್ತೇ ಬಂದ್ ಮಾಡಿ ರಿಪೇರಿಗೆ ಒಯ್ಯಿರಿ. ತೆಗೆದ ಹಳೇದನ್ನ ಕಸದ ಗಾಡಿಗೆ ಹಾಕಬಾರ್ದು, ಲೀಥಿಯಂ ಅದು, ಒತ್ತಿದ್ರ ಬೆಂಕಿ ಹತ್ಕೊಂತದ. ನಾನು ಕನೆಕ್ಟರಿಗೆ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳೋರ ಕೈಗೇ ಕೊಟ್ಟೆ.