ವಿ-ಕ್ರಾಸ್‌ನ ಮುಂಭಾಗ ಎತ್ತರಿಸಿದ ಮೇಲೆ ಬರುವ ತೊಂದರೆಗಳು: ಕಾರಣ ಪತ್ತೆ ಮಾಡುವುದು ಹೇಗೆ?

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್‌ಗೆ ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಹಿಡಿದಿಡುವ ಮೇಲಿನ, ಕೆಳಗಿನ ಎರಡು ಆರ್ಮ್) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಇರುತ್ತವೆ. ತೋಟದ ದಾರಿಗೆಂದು ಮುಂಭಾಗವನ್ನು 40–50 ಮಿ.ಮೀ. ಎತ್ತರಿಸಿದ ಬಳಿಕ ಟಕ್ ಟಕ್ ಸದ್ದು, ಗಾಡಿ ಒಂದು ಬದಿಗೆ ವಾಲುವುದು, ಸ್ಟೀರಿಂಗ್ ಅಲೆಯುವುದು ಶುರುವಾದರೆ ಹೆಚ್ಚಿನವರು ಹೊಸ ಶಾಕ್ ಅಬ್ಸಾರ್ಬರನ್ನೇ ದೂರುತ್ತಾರೆ. ಶಾಕ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಎತ್ತರ ಬದಲಾದಾಗ ಆರ್ಮ್, ಆಕ್ಸಲ್ (ಚಕ್ರ ತಿರುಗಿಸುವ ದಂಡ), ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಎಲ್ಲದರ ಕೋನವೂ ಬದಲಾಗುತ್ತದೆ. ತೊಂದರೆ ಹುಟ್ಟುವುದು ಅಲ್ಲಿ, ಇಲ್ಲವೇ ಬೋಲ್ಟ್ ಬಿಗಿದ ರೀತಿಯಲ್ಲಿ. ಹೊಸ ಭಾಗ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ.

ಅಳತೆ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಫೆಂಡರ್ ಅಂಚಿನವರೆಗೆ ಇರಲಿ. ನೆಲದಿಂದ ಅಳೆದರೆ ಟಯರಿನ ಗಾಳಿ, ಸವೆತ ಎಲ್ಲವೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಜಾಕಿಯಿಂದ ಇಳಿಸಿದ ಕೂಡಲೇ ಅಳೆಯಬೇಡಿ. ಆಗ ಟಯರುಗಳು ಒಳಕ್ಕೆ ಎಳೆದುಕೊಂಡು ನಿಂತಿರುವುದರಿಂದ ಗಾಡಿ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಸಮತಟ್ಟು ನೆಲದಲ್ಲಿ ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ಬಂಪರ್ ಮೇಲೆ ಎರಡು ಮೂರು ಸಲ ಭಾರ ಹಾಕಿ ಬಿಟ್ಟು, ನಾಲ್ಕೂ ಚಕ್ರಗಳ ಅಳತೆ ಬರೆದುಕೊಳ್ಳಿ.

ಅಳತೆ ಲೆಕ್ಕ ಮೀರಿ ಬಂದರೆ ಸ್ಪೇಸರ್ (ಎತ್ತರಕ್ಕೆಂದು ನಡುವೆ ಇಡುವ ದಪ್ಪ ಬಿಲ್ಲೆ) ನೋಡಿ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಜೋಡಣೆ) ಕೂರುವುದು ಆರ್ಮ್‌ನ ತುದಿಯಲ್ಲಲ್ಲ, ಒಳಭಾಗದಲ್ಲಿ. ಹಾಗಾಗಿ ಸ್ಟ್ರಟ್ ಮೇಲೆ ಇಟ್ಟ 25 ಮಿ.ಮೀ. ಸ್ಪೇಸರ್ ಚಕ್ರದ ಬಳಿ ಸುಮಾರು 45–50 ಮಿ.ಮೀ. ಎತ್ತರ ಕೊಡುತ್ತದೆ. 50 ಮಿ.ಮೀ. ಬೇಕೆಂದು 50ರ ಸ್ಪೇಸರ್ ಹಾಕಿದರೆ ಆಕ್ಸಲ್ ಮತ್ತು ಬಾಲ್ ಜಾಯಿಂಟ್ ಮಿತಿ ದಾಟುತ್ತವೆ. ಎತ್ತರಿಸಿದ ಸ್ಪ್ರಿಂಗಿನ ಮೇಲೆ ಸ್ಪೇಸರನ್ನೂ ಸೇರಿಸುವುದು ಇದೇ ತಪ್ಪಿನ ಇನ್ನೊಂದು ರೂಪ.

ಒಂದು ಬದಿ ತಗ್ಗಿದ್ದರೆ

5–8 ಮಿ.ಮೀ. ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಸ್ಪ್ರಿಂಗ್ ಮೇಲಿನ ಗುರುತು ನೋಡಿ. ಕೆಲವು ಕಿಟ್‌ಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಪ್ರಿಂಗ್ ಇರುತ್ತವೆ, ಅದಲುಬದಲಾಗಿದ್ದರೆ ವಾಲುವುದು ಖಚಿತ. ಸ್ಪ್ರಿಂಗಿನ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿದೆಯೇ ಎಂದೂ ಪರೀಕ್ಷಿಸಿ.

ಇವೆರಡೂ ಸರಿ ಇದ್ದರೆ ದೋಷ ಹಿಂದಿನ ಪಟ್ಟಿಗಳಲ್ಲಿ ಇರಬಹುದು. ಒಂದು ಬದಿಯ ಲೀಫ್ ಸ್ಪ್ರಿಂಗ್ ಕುಸಿದರೆ ಛಾಸಿ ಓರೆಯಾಗಿ ಮುಂಭಾಗವೂ ವಾಲುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಏಕೆಂದರೆ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂದಿನ ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗುಂಡನೆಯ ಗೇರ್ ಪೆಟ್ಟಿಗೆ) ನಡುವೆ ಟ್ರಾಲಿ ಜಾಕಿ ಕೊಟ್ಟು ಚಕ್ರಗಳು ನೆಲದಿಂದ ಈಗಷ್ಟೇ ಬಿಡುವಂತೆ ಎತ್ತಿ ಮುಂಭಾಗವನ್ನು ಮತ್ತೆ ಅಳೆಯಿರಿ. ವಾಲುವಿಕೆ ಹೋಯಿತೆಂದರೆ ಕಾರಣ ಹಿಂದಿದೆ, ಉಳಿಯಿತೆಂದರೆ ಮುಂದೆಯೇ ಇದೆ. ಜಾಕಿ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು.

ಸದ್ದು

ಹಂಪ್ ಇಳಿಯುವಾಗ ಒಮ್ಮೆ ‘ಢಣ್’ ಎಂದರೆ ಶಾಕ್ ಪೂರ್ತಿ ಚಾಚಿಕೊಂಡು ತುದಿಗೆ ಬಡಿಯುತ್ತಿದೆ. ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಜೋತಾಗ ಅದರ ನಡುಬಿಂದುವಿನಿಂದ ಫೆಂಡರಿಗೆ ಎಷ್ಟು ಅಂತರವಿದೆ ಎಂದು ನೋಡಿ, ಅದರಿಂದ ನಿಂತ ಅಳತೆಯನ್ನು ಕಳೆಯಿರಿ. 50 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಚಕ್ರಕ್ಕೆ ಕೆಳಗಿಳಿಯಲು ಜಾಗವೇ ಇಲ್ಲ. ವಿಂಚ್, ಕಬ್ಬಿಣದ ಬಂಪರ್ ಏನೂ ಇಲ್ಲದ ಗಾಡಿಗೆ ಹೆಚ್ಚು ಭಾರದ ಸ್ಪ್ರಿಂಗ್ ಹಾಕಿದಾಗ ಆಗುವುದು ಇದೇ. ಪರಿಹಾರವೆಂದರೆ ಭಾರಕ್ಕೆ ತಕ್ಕ ಸ್ಪ್ರಿಂಗ್. ಶಾಕ್ ಬದಲಿಸುತ್ತಾ ಹೋದರೆ ಹಣ ಮಾತ್ರ ಖರ್ಚು.

ಸಣ್ಣ ಗುಂಡಿಗಳಲ್ಲಿ ಬಿಡದೆ ಟಕ್ ಟಕ್ ಎಂದರೆ ಎಲ್ಲೋ ಸಡಿಲವಿದೆ. ಸ್ಟೆಬಿಲೈಸರ್ ಬಾರ್‌ನ (ಎಡ ಬಲ ಬದಿಗಳನ್ನು ಜೋಡಿಸಿ ವಾಲುವಿಕೆ ತಡೆಯುವ ಸರಳು) ಎರಡೂ ಲಿಂಕ್ ಕಳಚಿ, ಅದೇ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಸದ್ದು ನಿಂತರೆ ಕಾರಣ ಲಿಂಕ್ ಅಥವಾ ಅದರ ಬುಷ್ (ಕೀಲಿನೊಳಗಿನ ರಬ್ಬರ್ ಕೊಳವೆ). ನಿಲ್ಲದಿದ್ದರೆ ಸ್ಟ್ರಟ್‌ನ ಮೇಲಿನ ನಟ್‌ಗಳು, ಕೆಳಗಿನ ಬೋಲ್ಟ್, ಶಾಕ್ ರಾಡ್‌ನ ನಡುವಿನ ನಟ್ ಪರೀಕ್ಷಿಸಿ. ಈ ನಡುವಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚಲೇಬೇಡಿ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಕಂಪ್ರೆಸರ್ ಇಲ್ಲವೆಂದರೆ ಸ್ಟ್ರಟ್ಟನ್ನು ಇಡಿಯಾಗಿ ಬಿಚ್ಚಿ ಗ್ಯಾರೇಜಿಗೆ ಒಯ್ಯಿರಿ.

ಹೆಚ್ಚಿನವರು ಬಿಡುವ ಹಂತ: ಆರ್ಮ್ ಬುಷ್

ಆರ್ಮ್‌ನ ಬುಷ್ ಒಳಗಿನ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತದೆ. ಆರ್ಮ್ ಆಡುವಾಗ ರಬ್ಬರ್ ತಿರುಚಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಆ ಜಾಗ ಯಾವುದು ಎಂಬುದನ್ನು ನಿರ್ಧರಿಸುವುದು ಬೋಲ್ಟ್ ಬಿಗಿದ ಗಳಿಗೆ. ಚಕ್ರ ಗಾಳಿಯಲ್ಲಿ ಜೋತಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಆಗ ಓಟ ಒರಟಾಗುತ್ತದೆ, ಎಡ ಬಲ ಎತ್ತರ ಸರಿಹೊಂದುವುದಿಲ್ಲ, ಕೆಲವು ಸಾವಿರ ಕಿಲೋಮೀಟರಿನಲ್ಲೇ ರಬ್ಬರ್ ಹರಿಯಲೂಬಹುದು. ಬೋಲ್ಟ್ ಮುಟ್ಟದೆಯೇ ಸ್ಟ್ರಟ್ ಬದಲಿಸಿದರೂ ಹಾನಿ ಉಂಟು, ಬುಷ್ ಹಳೆಯ ಎತ್ತರಕ್ಕೇ ಕಚ್ಚಿಕೊಂಡಿರುತ್ತದೆ.

ಸರಿಯಾದ ಕ್ರಮ ಹೀಗೆ. ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ಗಳ (ತಿರುಗಿಸಿ ಅಲೈನ್‌ಮೆಂಟ್ ಹೊಂದಿಸುವ ಬೋಲ್ಟ್‌ಗಳು) ಸ್ಥಾನಕ್ಕೆ ಪೇಂಟ್ ಗುರುತು ಹಾಕಿ. ಮೇಲಿನ, ಕೆಳಗಿನ ಆರ್ಮ್‌ಗಳ ಬೋಲ್ಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ನಾಲ್ಕೂ ಚಕ್ರಗಳು ನೆಲ ಮುಟ್ಟಿ ಗಾಡಿಯ ಭಾರ ಹೊತ್ತಿರುವಾಗ ಬಂಪರ್ ಅಲ್ಲಾಡಿಸಿ, ಆ ಸ್ಥಿತಿಯಲ್ಲೇ ಟಾರ್ಕ್ ರೆಂಚ್‌ನಿಂದ ಸರ್ವಿಸ್ ಮ್ಯಾನುಯಲ್‌ನ ಅಳತೆಗೆ ಬಿಗಿಯಿರಿ. ಅಲೈನ್‌ಮೆಂಟ್ ಮಾಡುವವರೂ ಚಕ್ರ ಎತ್ತಿ ಬಿಗಿಯದಂತೆ ಎದುರಿಗೆ ನಿಂತು ನೋಡಿಕೊಳ್ಳಿ.

ಆಕ್ಸಲ್, ಪೈಪ್, ಮೇಲಿನ ಆರ್ಮ್

ಸ್ಟ್ಯಾಂಡ್ ಮೇಲೆ ಚಕ್ರಗಳು ಜೋತಿರುವಾಗಲೇ ಇವನ್ನೂ ನೋಡಿಬಿಡಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿದಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಸ್ವಲ್ಪ ಸಡಿಲವಾಗಿಯೇ ಇರಬೇಕು. ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗಿದ ಹೊಳೆವ ಗೆರೆ ಕಂಡರೆ ಎತ್ತರ ಇಳಿಸಬೇಕು, ಇಲ್ಲವೇ ಬಾಗು ಬೇರೆಯಿರುವ ಆರ್ಮ್ ಹಾಕಬೇಕು.

ಚಕ್ರದ ಒಳಮೈಯಲ್ಲಿ ಗ್ರೀಸ್ ಎರಚಿದ ಕಲೆ ಇದ್ದರೆ ಆಕ್ಸಲ್ ಬೂಟ್ (ಕೀಲಿನ ಮೇಲಿನ ರಬ್ಬರ್ ಹೊದಿಕೆ) ಹರಿದಿದೆ. ಕೋನ ಹೆಚ್ಚಾದಾಗ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೀಳುತ್ತವೆ. ‘ಫೋರ್‌ವೀಲ್ ಹಾಕುವುದೇ ಇಲ್ಲ’ ಎಂದು ಸಮಾಧಾನಪಡಬೇಡಿ. ಟು-ವೀಲ್‌ನಲ್ಲೂ ಚಕ್ರದ ಜೊತೆ ಆ ಆಕ್ಸಲ್ ತಿರುಗುತ್ತಲೇ ಇರುತ್ತದೆ. ಮುಂದಿನ ಡಿಫರೆನ್ಷಿಯಲ್ಲನ್ನು 20–25 ಮಿ.ಮೀ. ಕೆಳಗಿಳಿಸುವ ಸ್ಪೇಸರ್‌ಗಳಿಂದ ಕೋನ ಕಡಿಮೆಯಾಗುತ್ತದೆ, ಆದರೆ ಡಿಫರೆನ್ಷಿಯಲ್ ಕೆಳಗಿನ ನೆಲದಂತರವೂ ಅಷ್ಟು ತಗ್ಗುತ್ತದೆ. ಉದ್ದದ ಬೋಲ್ಟ್ ಹಾಕುವಾಗ ತಲೆಯ ಮೇಲಿನ ಗ್ರೇಡ್ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಬಾರದು.

ಅಲೈನ್‌ಮೆಂಟ್

ಎತ್ತರಿಸಿದಾಗ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗುತ್ತದೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಬದಲಾಗಿ ಚಕ್ರದ ಮೇಲ್ಭಾಗ ಹೊರಕ್ಕೆ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು) ಕೂಡ ಬದಲಾಗುತ್ತದೆ. ಹೆದ್ದಾರಿಯಲ್ಲಿ ಗಾಡಿ ಅಲೆದರೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ ಕ್ಯಾಸ್ಟರ್ ಸಾಲದು. ಟಯರಿನ ಹೊರ ಅಂಚು ಸವೆದರೆ ಕ್ಯಾಂಬರ್. ಟಯರಿನ ಮೇಲೆ ಅಡ್ಡಕ್ಕೆ ಕೈಯಾಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಾಕಿದರೆ ಟೋ. ಹಲವು ಅಂಗಡಿಗಳಲ್ಲಿ ಟೋ ಮಾತ್ರ ಸರಿಪಡಿಸಿ ಕಳಿಸುತ್ತಾರೆ. ಮೂರರ ಅಳತೆಯನ್ನೂ ಮೊದಲು, ಆಮೇಲೆ ಎಂದು ಪ್ರಿಂಟ್ ಕೇಳಿ ಪಡೆಯಿರಿ. ಕ್ಯಾಮ್ ಬೋಲ್ಟ್ ಕೊನೆ ಮುಟ್ಟಿದರೂ ಕ್ಯಾಸ್ಟರ್ ಬರದಿದ್ದರೆ ಕ್ಯಾಸ್ಟರ್ ತಿದ್ದಿದ ಮೇಲಿನ ಆರ್ಮ್ ಬೇಕು, ಇಲ್ಲವೇ 10–15 ಮಿ.ಮೀ. ಎತ್ತರ ಬಿಟ್ಟುಕೊಡಬೇಕು. ನಮ್ಮ ಆಯ್ಕೆ ಎರಡನೆಯದು.

ಹೆಡ್‌ಲೈಟ್ ಬೆಳಕನ್ನು ಕೆಳಗಿಳಿಸುವುದು ಎದುರಿನವರ ಸುರಕ್ಷತೆಗಾಗಿ ಅದೇ ದಿನ ಆಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ವಾರಂಟಿ, ವಿಮೆಗೂ ತೊಡಕು ಬರಬಹುದಾದ್ದರಿಂದ ಮೂಲ ಸ್ಪ್ರಿಂಗ್, ಶಾಕ್‌ಗಳನ್ನು ಗುಜರಿಗೆ ಹಾಕದೆ ಎತ್ತಿಡಿ. 500 ಕಿ.ಮೀ. ಓಡಿದ ಬಳಿಕ ಬಿಚ್ಚಿದ ಪ್ರತಿ ಬೋಲ್ಟನ್ನೂ ಮತ್ತೆ ಟಾರ್ಕ್ ನೋಡಿ, ನಟ್ ಮತ್ತು ಬ್ರ್ಯಾಕೆಟ್ ಮೇಲೆ ಹಾಯುವಂತೆ ಒಂದೇ ಪೇಂಟ್ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ಸಡಿಲವಾಗಿದೆ.