ಒಹಾಯೋದಿಂದ ಆರೆಗಾನ್‌ಗೆ, ನಾನೇ ರಿಪೇರಿ ಮಾಡಿದ ಮೋಟರ್‌ಹೋಮ್‌ನಲ್ಲಿ

ಹಳೇ ಮೋಟರ್‌ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ, ನೋಡಲು ಹೋದಾಗ ನಾನು ಮೊದಲು ಮಾಡುತ್ತಿದ್ದ ಕೆಲಸ ಗೋಡೆ ಒತ್ತುವುದು. ಮಾರುವವರು ಹೊಸ ಪರದೆ, ಹೊಸ ಹಾಸಿಗೆ ತೋರಿಸುತ್ತಿರುತ್ತಿದ್ದರು. ನಾನು ಮೂಲೆಮೂಲೆಗೂ ಹೋಗಿ ಹೆಬ್ಬೆರಳಿಂದ ಒತ್ತುತ್ತಿದ್ದೆ. ನಾನು ಫಿಸಿಯೋಥೆರಪಿಸ್ಟ್. ಮುಟ್ಟಿ ನೋಡಿ ಒಳಗೇನಾಗಿದೆ ಅಂತ ತಿಳಿಯುವುದೇ ನನ್ನ ಕಸುಬು. ಗಟ್ಟಿ ಇರಬೇಕಾದ ಕಡೆ ಮೆತ್ತಗಿದ್ದರೆ ಒಳಗೆ ನೀರು ಇಳಿದಿದೆ, ಮರ ಕೊಳೆತಿದೆ ಅಂತ ಅರ್ಥ. ಈ ಗಾಡಿಗಳಿಗೆ ಎಂಜಿನ್‌ಗಿಂತ ದೊಡ್ಡ ಕಾಯಿಲೆ ಅದೇ.

ನನ್ನ ಊರು ತಿಪಟೂರು. ಓದಿದ್ದು ಮಂಗಳೂರಿನಲ್ಲಿ. ಒಹಾಯೋದ ಕೊಲಂಬಸ್‌ನಲ್ಲಿ ಹನ್ನೊಂದು ವರ್ಷ ಒಂದೇ ಕಡೆ ಕೆಲಸ ಮಾಡಿದೆ. ಗ್ರೀನ್ ಕಾರ್ಡ್ ಬಂದ ಮೇಲೆ ಟ್ರಾವೆಲ್ ಥೆರಪಿಗೆ ಇಳಿಯುವ ಮನಸ್ಸಾಯಿತು. ಇಲ್ಲಿ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಥೆರಪಿಸ್ಟ್ ಸಿಗುವುದು ಕಷ್ಟ. ಹಾಗಾಗಿ 13 ವಾರಗಳ ಕಾಂಟ್ರಾಕ್ಟ್ ಮೇಲೆ ಕರೆಸಿಕೊಳ್ಳುತ್ತಾರೆ. ಮುಗಿದ ಮೇಲೆ ಇನ್ನೊಂದು ಊರು. ಕೆಲಸ ಸಿಗುತ್ತದೆ, ಮನೆ ಸಿಗುವುದಿಲ್ಲ. ಎರಡು ಸಾವಿರ ಜನರ ಊರಿನಲ್ಲಿ ಮೂರೇ ತಿಂಗಳಿಗೆ ಯಾರು ಬಾಡಿಗೆಗೆ ಕೊಡುತ್ತಾರೆ? ಮೋಟೆಲ್‌ನಲ್ಲಿ ಉಳಿದರೆ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ, ಒಂದು ಸಾರು ಮಾಡಿಕೊಳ್ಳಲೂ ಆಗುವುದಿಲ್ಲ. ಮನೆಯನ್ನೇ ಜೊತೆಗೆ ಒಯ್ದರೆ ಹೇಗೆ ಅಂತ ಯೋಚಿಸಿದ್ದು ಹೀಗೆ.

2022ರ ಸೆಪ್ಟೆಂಬರಿನಲ್ಲಿ ಏಳನೇ ಗಾಡಿ ನೋಡಿದಾಗ ಕೊಂಡೆ. 1996ರದ್ದು, 24 ಅಡಿ ಉದ್ದ. ಫೋರ್ಡ್ ಇ-350 ವ್ಯಾನಿನ ಚಾಸಿ, 7.5 ಲೀಟರಿನ ವಿ8 ಎಂಜಿನ್. ಓಡಿದ್ದು 61,000 ಮೈಲಿ. ಡ್ರೈವರ್ ಸೀಟಿನ ಮೇಲೆ ಅಟ್ಟದಂಥ ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಆ ನಮೂನೆ. ಇಲ್ಲಿ ಇದಕ್ಕೆ ಕ್ಲಾಸ್ ಸಿ ಅನ್ನುತ್ತಾರೆ. ಈ ಚಾಸಿಯನ್ನೇ ಹುಡುಕಿದ್ದಕ್ಕೆ ಕಾರಣ ಇತ್ತು. ಇದೇ ಚಾಸಿಯ ಮೇಲೆ ಆಂಬ್ಯುಲೆನ್ಸ್, ಡೆಲಿವರಿ ವ್ಯಾನ್ ಎಲ್ಲ ಓಡಿವೆ. ಯಾವ ಊರಲ್ಲಿ ನಿಂತರೂ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ. ಅಟ್ಟದ ಎಡ ಮೂಲೆ ಮೆತ್ತಗಿತ್ತು. ಅದನ್ನು ಮಾರುವವರಿಗೂ ಒತ್ತಿ ತೋರಿಸಿದೆ. 9,500 ಹೇಳಿದ್ದವರು 7,000 ಡಾಲರಿಗೆ ಒಪ್ಪಿದರು.

ತಿಪಟೂರಿಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಗಾಡಿ ತೋರಿಸಿದೆ. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಲೋಡ್ ಹೊತ್ತು ಮಂಗಳೂರಿಗೆ ಶಿರಾಡಿ ಘಾಟಿ ಇಳಿದದ್ದಕ್ಕೆ ಲೆಕ್ಕವೇ ಇಲ್ಲ. ಅಡುಗೆ ಒಲೆ, ಬಚ್ಚಲು ಯಾವುದನ್ನೂ ಅವರು ಕೇಳಲಿಲ್ಲ. "ಟೈರ್ ತೋರ್ಸು" ಅಂದರು.

ಟೈರಿನ ಗೋಡೆಯ ಮೇಲೆ ಡಾಟ್ (DOT) ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ನನ್ನದರಲ್ಲಿ 3411 ಇತ್ತು. ಅಂದರೆ 2011ರ 34ನೇ ವಾರ. ಹನ್ನೊಂದು ವರ್ಷದ ಟೈರು. ಬಟನ್, ಅಂದರೆ ರಸ್ತೆಗೆ ತಾಗುವ ಮೇಲ್ಮೈ, ಚೆನ್ನಾಗಿಯೇ ಇತ್ತು, ನೋಡಿದವರು ಹೊಸದು ಅನ್ನಬೇಕು. ಮೋಟರ್‌ಹೋಮ್ ಟೈರು ಸವೆಯುವುದಕ್ಕೆ ಮುಂಚೆ ಮುದಿಯಾಗುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ಬಿಸಿಲಲ್ಲಿ ನಿಂತರೆ ರಬ್ಬರ್ ಒಳಗಿಂದ ಒಣಗಿ ಬಿರಿಯುತ್ತದೆ. ಹೈವೇಯಲ್ಲಿ ಮುಂದಿನ ಟೈರು ಸಿಡಿದರೆ ಗಾಡಿ ಕೈಯಲ್ಲಿ ನಿಲ್ಲುವುದು ಕಷ್ಟ. ಮುಂದೆ ಎರಡು, ಹಿಂದೆ ಜೋಡಿ ಚಕ್ರ, ಒಟ್ಟು ಆರನ್ನೂ ಬದಲಾಯಿಸಿದೆ. ಸುಮಾರು 1,200 ಡಾಲರ್ ಆಯಿತು. ಒಂದು ಡಾಲರೂ ದಂಡ ಅನ್ನಿಸಲಿಲ್ಲ.

ಬ್ರೇಕ್ ಕೆಲಸವನ್ನು ಲಾರಿ ಗ್ಯಾರೇಜಿಗೆ ಕೊಟ್ಟೆ. ಕಲಿಯುತ್ತಾ ಮಾಡುವ ಕೆಲಸ ಅದಲ್ಲ. ಆದರೆ ಪಕ್ಕದಲ್ಲೇ ನಿಂತು ನೋಡಿದೆ. ಪ್ಯಾಡ್ ಸರಿಯಿದ್ದವು. ಚಕ್ರಕ್ಕೆ ಹೋಗುವ ರಬ್ಬರ್ ಹೋಸ್ ಒಳಗೇ ಊದಿಕೊಂಡಿತ್ತು. ಹಾಗಾದರೆ ಪೆಡಲ್ ಬಿಟ್ಟರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಉಜ್ಜುತ್ತಲೇ ಇರುತ್ತದೆ, ಚಕ್ರ ಕಾಯುತ್ತದೆ. ಹೋಸ್‌ಗಳೆಲ್ಲ ಹೊಸದಾದವು. ಬ್ರೇಕ್ ಆಯಿಲನ್ನೂ ಪೂರ್ತಿ ತೆಗೆಸಿ ಹೊಸದು ಹಾಕಿಸಿದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಅದು ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ. ಆಯಿಲ್ ಬದಲಾಯಿಸುವ ಖರ್ಚು ಎಷ್ಟು ಕಡಿಮೆ ಅಂತ ಕೇಳಿದರೆ ಯಾರೂ ಮುಂದೂಡುವುದಿಲ್ಲ.

ಇನ್ನು ಆ ಎಡ ಮೂಲೆ. ನನ್ನ ಜಾಸ್ತಿ ದಿನ ಹೋಗಿದ್ದು ಇಲ್ಲೇ, ನಾನು ಜಾಸ್ತಿ ಕಲಿತಿದ್ದೂ ಇಲ್ಲೇ.

ಮೂಲೆಯ ಅಲ್ಯೂಮಿನಿಯಂ ಪಟ್ಟಿ ಬಿಚ್ಚಿದೆ. ಅರ್ಧ ಸ್ಕ್ರೂ ತುಕ್ಕು ಹಿಡಿದು ತಲೆ ಕಿತ್ತು ಬಂದವು. ಪಟ್ಟಿಯ ಕೆಳಗಿನ, ನೀರು ತಡೆಯುವ ಬ್ಯೂಟಿಲ್ ಟೇಪ್ ಒಣಗಿ ಬಿರುಕು ಬಿಟ್ಟಿತ್ತು. ನೀರು ಒಳಗೆ ಬಂದಿದ್ದು ಕೂದಲೆಳೆಯಷ್ಟು ಸಂದಿನಿಂದ. ಆದರೆ ಒಳಗಿನ ಮರ ಎರಡು ಅಡಿ ಉದ್ದಕ್ಕೆ ಹಾಲಿನಲ್ಲಿ ನೆನೆದ ರಸ್ಕಿನ ಹಾಗೆ ಬೆರಳಿಗೆ ಕಿತ್ತು ಬರುತ್ತಿತ್ತು. ಕಪ್ಪು ಬೂಸ್ಟು ಬೇರೆ. ಮಾಸ್ಕ್ ಹಾಕಿಕೊಂಡು ಎಲ್ಲವನ್ನೂ ತೆಗೆದೆ. ಗಟ್ಟಿ ಮರ ಸಿಗುವವರೆಗೂ ತೆಗೆಯುತ್ತಲೇ ಹೋಗಬೇಕು. ಇಲ್ಲಿಗೆ ಸಾಕು ಅಂತ ಮನಸ್ಸು ಹೇಳುತ್ತದೆ, ಕೇಳಬಾರದು. ಕೊಳೆತದ್ದು ಸ್ವಲ್ಪ ಉಳಿದರೂ ಅದು ಪಕ್ಕಕ್ಕೆ ಹರಡುತ್ತದೆ. ಆಮೇಲೆ ಎರಡು ವಾರ ಫ್ಯಾನ್ ಹಚ್ಚಿ ಒಣಗಿಸಿದೆ. ತೇವ ಅಳೆಯುವ ಸಣ್ಣ ಮೀಟರ್ 30 ಡಾಲರಿಗೆ ಸಿಕ್ಕಿತು. ದಿನಾ ಸಂಜೆ ಅದನ್ನು ಮರಕ್ಕೆ ಚುಚ್ಚಿ ಅಂಕಿ ಬರೆದಿಟ್ಟೆ. ಪೂರ್ತಿ ಒಣಗಿದ ಮೇಲೆ ಹಳೇ ಮರಕ್ಕೆ ಹೊಸ ಪೈನ್ ರೀಪು ಜೋಡಿಸಿ ಅಂಟು, ಸ್ಕ್ರೂ ಹಾಕಿ, ನಡುವೆ ಫೋಮ್ ಹಲಗೆ ತುಂಬಿ, ಮೇಲೆ ತೆಳು ಪ್ಲೈವುಡ್ ಹೊಡೆದೆ.

ಸಂದು ಮುಚ್ಚುವ ಸೀಲೆಂಟ್ ವಿಷಯದಲ್ಲಿ ಒಂದು ಮಾತು. ಬಚ್ಚಲಿಗೆ ಹಚ್ಚುವ ಸಿಲಿಕೋನ್ ಇಲ್ಲಿಗೆ ಬೇಡ. ಮುಂದೆ ರಿಪೇರಿ ಬಂದಾಗ ಅದರ ಮೇಲೆ ಬೇರೆ ಯಾವುದೂ ಅಂಟುವುದಿಲ್ಲ. ನನ್ನ ಗಾಡಿಯಲ್ಲಿ ಯಾರೋ ಮುಂಚೆ ಅದನ್ನೇ ಬಳಿದಿದ್ದರು. ಪ್ಲಾಸ್ಟಿಕ್ ಬ್ಲೇಡಿನಲ್ಲಿ ಕೆರೆದು ತೆಗೆಯಲು ಮೂರು ದಿನ ಬೇಕಾಯಿತು. ಪಟ್ಟಿಯ ಕೆಳಗೆ ಹೊಸ ಬ್ಯೂಟಿಲ್ ಟೇಪ್ ಹಾಕಬೇಕು. ಮೇಲೆ, ಗಾಳಿಕಿಂಡಿಗಳ ಸುತ್ತ, ತಾನಾಗೇ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್. ಇಳಿಜಾರಾದ ಕಡೆ ಹರಿಯದ ಜಾತಿಯದ್ದು. ಚಾವಣಿ ರಬ್ಬರ್ ಹಾಳೆಯದ್ದಾದರೆ ಪೆಟ್ರೋಲ್, ಸೀಮೆಎಣ್ಣೆ ಜಾತಿಯ ಯಾವುದನ್ನೂ ಮುಟ್ಟಿಸಬೇಡಿ, ಉಬ್ಬಿಕೊಳ್ಳುತ್ತದೆ. ಸೋಪು ನೀರು ಸಾಕು. ಇದೆಲ್ಲ ಅಕ್ಟೋಬರ್ ಕೊನೆಗೆ ಮುಗಿಯಿತು. ಚಳಿ ಇನ್ನೂ ಏರಿದ್ದರೆ ಸೀಲೆಂಟ್ ಹಿಡಿಯುತ್ತಿರಲಿಲ್ಲ.

ಒಹಾಯೋದ ಚಳಿಗೆ ಪೈಪಿನಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ ಒಡೆಯುತ್ತದೆ. ಅದಕ್ಕೆ ನೀರೆಲ್ಲ ಬಸಿದು ಗುಲಾಬಿ ಬಣ್ಣದ ಆಂಟಿಫ್ರೀಜ್ ಹರಿಸಬೇಕು. ಎಲ್ಲ ನಲ್ಲಿಗೂ ಹರಿಸಿದೆ, ಹೊರಗಿನ ಶವರ್ ಒಂದನ್ನು ಮರೆತೆ. ಮಾರ್ಚಿನಲ್ಲಿ ನೀರು ಬಿಟ್ಟಾಗ ಅದರ ಎಲ್ಬೋ ಸೀಳಿ ಮಂಚದ ಕೆಳಗೆಲ್ಲ ನೀರು. ಕೈಗೆ ಸಿಗುವ ಜಾಗದಲ್ಲಿ ಒಡೆದಿದ್ದು ಪುಣ್ಯ. ಈಗ ನಲ್ಲಿಗಳ ಪಟ್ಟಿಯನ್ನೇ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ.

ಗ್ಯಾಸ್ ಲೈನನ್ನು ಲೈಸೆನ್ಸ್ ಇರುವವರಿಂದ ಪ್ರೆಷರ್ ಟೆಸ್ಟ್ ಮಾಡಿಸಿದೆ, ಸೋರಿಕೆ ಹೇಳುವ ಡಿಟೆಕ್ಟರ್ ಹೊಸದು ಹಾಕಿದೆ. ಅದಕ್ಕೂ ಆಯಸ್ಸು ಇದೆ, ಹಿಂಬದಿಯಲ್ಲಿ ತಾರೀಖು ಬರೆದಿರುತ್ತದೆ. ಫ್ರಿಜ್ ಮಾತ್ರ ಮೊದಲ ದಿನದಿಂದ ಕೆಲಸ ಮಾಡಿತು. ಅದಕ್ಕೆ ಕಂಪ್ರೆಸರ್ ಇಲ್ಲ. ಗ್ಯಾಸ್ ಉರಿಯ ಬಿಸಿಯಿಂದ ಅಮೋನಿಯಾ ಓಡಾಡಿ ತಂಪು ಮಾಡುತ್ತದೆ. ಗಾಡಿ ಓರೆಯಾಗಿ ನಿಂತಿದ್ದರೆ ಒಳಗಿನ ದ್ರವ ಹರಿಯದೆ ಕೆಡುತ್ತದೆ. ನಿಲ್ಲಿಸಿದ ಕಡೆಯೆಲ್ಲ ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡುವುದು ಇದಕ್ಕೇ.

ಕರೆಂಟಿನದ್ದು ಸ್ವಲ್ಪ ಬಿಡಿಸಿ ಹೇಳಬೇಕು. ಈ ಗಾಡಿಗಳ 30 ಆಂಪ್ ಪ್ಲಗ್ 120 ವೋಲ್ಟಿನದ್ದು. ಮನೆಗಳಲ್ಲಿ ಬಟ್ಟೆ ಒಣಗಿಸುವ ಮೆಷಿನ್ನಿಗೆ ಕೊಡುವ 30 ಆಂಪ್ 240 ವೋಲ್ಟಿನದ್ದು. ನೋಡಲು ಹತ್ತಿರ ಹತ್ತಿರ. ಗಾಡಿ ನಿಲ್ಲಿಸಿದ್ದ ಸ್ನೇಹಿತೆಯ ಮನೆಯಲ್ಲಿ ಹೊಸ ಸಾಕೆಟ್ ಹಾಕಿಸಿದೆವು. ಹಾಕಿದವರು ಅನುಭವ ಇದ್ದ ಎಲೆಕ್ಟ್ರಿಷಿಯನ್ನೇ. ಪ್ಲಗ್ ಚುಚ್ಚುವ ಮುಂಚೆ ಮಲ್ಟಿಮೀಟರ್ ಹಿಡಿದೆ. 241 ತೋರಿಸಿತು. ಚುಚ್ಚಿದ್ದರೆ ಚಾರ್ಜರ್, ಮೈಕ್ರೋವೇವ್, ಎ.ಸಿ. ಎಲ್ಲ ಒಂದೇ ಸಲಕ್ಕೆ ಹೋಗುತ್ತಿದ್ದವು. ಅವರು ಬಂದು ಸರಿಮಾಡಿದರು. ಅವತ್ತಿಂದ ಮೋಟರ್‌ಹೋಮ್ ನಿಲ್ಲಿಸುವ ಯಾವ ಪಾರ್ಕಿಗೆ ಹೋದರೂ ಅಳೆಯದೆ ಪ್ಲಗ್ ಹಾಕಿಲ್ಲ.

ಒಟ್ಟು ರಿಪೇರಿ ಖರ್ಚು 6,200 ಡಾಲರ್. ಗಾಡಿಯ ಬೆಲೆಯ ಹತ್ತಿರ ಹತ್ತಿರ. ಕೊಳ್ಳುವವರು ಈ ಲೆಕ್ಕ ಇಟ್ಟುಕೊಂಡೇ ಇಳಿಯಬೇಕು.

2023ರ ಮೇ ಕೊನೆಯ ವಾರ ಹೊರಟೆ. ಕಾಂಟ್ರಾಕ್ಟ್ ಇದ್ದಿದ್ದು ಆರೆಗಾನ್‌ನಲ್ಲಿ, ಕೊಲಂಬಿಯಾ ನದಿ ದಡದ ಒಂದು ಊರಿನಲ್ಲಿ. ಸುಮಾರು 2,300 ಮೈಲಿ. ಕೆಲಸಕ್ಕೆ ಸೇರಲು ಹನ್ನೆರಡು ದಿನ ಇತ್ತು. ಅವಸರದಲ್ಲಿ ಹಳೇ ಗಾಡಿ ಓಡಿಸಬಾರದು ಅಂತ ಬೇಕೆಂದೇ ಅಷ್ಟು ಇಟ್ಟುಕೊಂಡಿದ್ದೆ.

ಮೊದಲ ದಿನವೇ ಲಾರಿಗಳ ತೂಕದ ಕಟ್ಟೆಗೆ ಹತ್ತಿಸಿದೆ. ಟ್ರಕ್ ಸ್ಟಾಪ್‌ಗಳಲ್ಲಿ ಯಾರು ಬೇಕಾದರೂ ತೂಗಿಸಬಹುದು. ಹಿಂದಿನ ಆಕ್ಸಲ್ ಮಿತಿಗಿಂತ 150 ಪೌಂಡ್ ಜಾಸ್ತಿ ಬಂತು. ಟ್ಯಾಂಕ್ ತುಂಬಾ 40 ಗ್ಯಾಲನ್ ನೀರಿತ್ತು. ಒಂದು ಗ್ಯಾಲನ್‌ಗೆ 8.3 ಪೌಂಡ್. ಮುಕ್ಕಾಲು ಭಾಗ ಚೆಲ್ಲಿದೆ, ಸರಿಹೋಯಿತು.

ಇಂಡಿಯಾನಾ, ಇಲಿನಾಯ್ ದಾಟಿ ಐ-80 ಹೆದ್ದಾರಿ ಹಿಡಿದೆ. ಅಯೋವಾದ ವಾಲ್ಕಾಟ್‌ನಲ್ಲಿ ಲೋಕದಲ್ಲೇ ದೊಡ್ಡದು ಅಂತ ಬೋರ್ಡ್ ಹಾಕಿಕೊಂಡಿರುವ ಟ್ರಕ್ ಸ್ಟಾಪ್ ಇದೆ. ಅಲ್ಲಿ ರಾತ್ರಿ ನಿಂತೆ. ಸುತ್ತಲೂ ನೂರಾರು ಲಾರಿಗಳು. ಅಪ್ಪನಿಗೆ ಕಾಲ್ ಮಾಡಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಗಂಟೆಗೆ 60 ಮೈಲಿ ದಾಟಲಿಲ್ಲ, ಗ್ಯಾಲನ್‌ಗೆ 8 ಮೈಲಿ ಬಂತು. ಪೆಟ್ರೋಲಿಗೇ ಸಾವಿರ ಡಾಲರ್ ಮೇಲೆ.

ನೆಬ್ರಾಸ್ಕಾದಲ್ಲಿ ರಾತ್ರಿ ಎರಡಕ್ಕೆ ಗುಡುಗು, ಆಲಿಕಲ್ಲು. ಚಾವಣಿ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಟಾರ್ಚ್ ಹಿಡಿದು ಅಟ್ಟ ಹತ್ತಿ ಎಡ ಮೂಲೆಗೆ ಅಂಗೈ ಒತ್ತಿಕೊಂಡು ಕೂತೆ. ಒಂದು ಗಂಟೆ ಹಾಗೇ ಕೂತಿದ್ದೆ. ಒಂದು ಹನಿ ಇಲ್ಲ. ನನಗೆ ಅಳು ಬಂತು.

ವಯೋಮಿಂಗ್‌ನಲ್ಲಿ ಷೈಯೆನ್ ಮತ್ತು ಲಾರಮಿ ನಡುವೆ ಐ-80ರ ಅತಿ ಎತ್ತರದ ಜಾಗ ಇದೆ, ಶೆರ್ಮನ್ ಸಮ್ಮಿಟ್, 8,640 ಅಡಿ. ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಗ್ಗುತ್ತದೆ. ಓವರ್‌ಡ್ರೈವ್ ಅನ್ನುವ ಕೊನೆಯ ಗೇರ್ ತೆಗೆದು 40ರಲ್ಲಿ ಹತ್ತಿಸಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಬಿಸಿಯೇ ಶತ್ರು. ಹೊರಡುವ ಮುಂಚೆ ಅದಕ್ಕೊಂದು ದೊಡ್ಡ ಕೂಲರ್, ಒಂದು ಟೆಂಪರೇಚರ್ ಮೀಟರ್ ಹಾಕಿಸಿದ್ದೆ. ಕಣ್ಣು ಅದರ ಮೇಲೇ ಇತ್ತು. ಲಾರಮಿಯಿಂದ ಮುಂದೆ ಅಡ್ಡಗಾಳಿ. ಇಂಥ ಎತ್ತರದ ಹಗುರ ಗಾಡಿಗಳನ್ನು ಅದು ಪಕ್ಕದ ಲೇನಿಗೆ ತಳ್ಳುತ್ತದೆ. ಎಚ್ಚರಿಕೆ ಬೋರ್ಡ್ ನೋಡಿ ಒಂದು ದಿನ ಲಾರಮಿಯಲ್ಲೇ ಉಳಿದೆ. ಆ ಊರಿನ ಎತ್ತರಕ್ಕೆ ನೀರು 93 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್ ಇದ್ದಿದ್ದಕ್ಕೆ ಹುಳಿ ಅನ್ನ ಆಯಿತು. ಮಾರನೇ ದಿನ ಬೆಳಿಗ್ಗೆ ಐದಕ್ಕೇ, ಗಾಳಿ ಏಳುವ ಮುಂಚೆ ಹೊರಟೆ.

ಯೂಟಾದಲ್ಲಿ ಐ-84 ಹಿಡಿದು ಐಡಹೋ ದಾಟಿದೆ. ನನಗೆ ಭಯ ಇದ್ದಿದ್ದು ಆರೆಗಾನ್‌ನ ಪೆಂಡಲ್‌ಟನ್ ಮುಂಚಿನ ಕ್ಯಾಬೇಜ್ ಹಿಲ್ ಬಗ್ಗೆ. ಆರು ಮೈಲಿಯಲ್ಲಿ ಸುಮಾರು 2,000 ಅಡಿ ಇಳಿತ, ನಡುವೆ ಹೆಬ್ಬಾವಿನ ಹಾಗೆ ಸುತ್ತುವ ತಿರುವುಗಳು. ಹಿಂದಿನ ರಾತ್ರಿ ಅಪ್ಪನಿಗೆ ಹೇಳಿದೆ.

"ಹತ್ತೋ ಗೇರಲ್ಲೇ ಇಳೀಬೇಕು ಕಣಮ್ಮ. ಶಿರಾಡಿನಲ್ಲಿ ನಾವು ಮೇಲೇ ಗೇರ್ ಹಾಕ್ಕೊಂಡ್ ಬಿಡ್ತಿದ್ವಿ. ಇಳಿಯೋಕೆ ಶುರು ಆದ್ಮೇಲೆ ಹಾಕ್ತೀನಿ ಅಂದ್ರೆ ಆಗಲ್ಲ."

"ಇದು ಆಟೋಮ್ಯಾಟಿಕ್ ಅಪ್ಪ."

"ಎಂತದ್ದೇ ಆಗ್ಲಿ, ಕೆಳಗಿನ ಗೇರ್ ಇದ್ದೇ ಇರುತ್ತಲ್ಲ. ಬ್ರೇಕ್ ಮೇಲೆ ಕಾಲಿಟ್ಕೊಂಡ್ ಕೂರಬೇಡ. ಒತ್ತು, ಬಿಡು. ಒತ್ತು, ಬಿಡು."

ಮೇಲೆ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿದು ಬಿಸಿ ನೋಡಿದೆ. ಎಲ್ಲ ಒಂದೇ ಸಮ ಇದ್ದವು. ಲಿವರನ್ನು ಎರಡಕ್ಕೆ ಹಾಕಿ ಬಲಗಡೆ ಲೇನಿನಲ್ಲಿ ಲಾರಿಗಳ ಹಿಂದೆ 35ರಲ್ಲಿ ಇಳಿದೆ. ಎಂಜಿನ್ ಜೋರಾಗಿ ಕೂಗುತ್ತಿತ್ತು. ಕೂಗಲಿ, ಗಾಡಿಯನ್ನು ಹಿಡಿದಿದ್ದು ಅದೇ. ವೇಗ 40 ಆದಾಗ ಬ್ರೇಕ್ ಗಟ್ಟಿಯಾಗಿ ಒತ್ತಿ 35ಕ್ಕೆ ತಂದು ಪೂರ್ತಿ ಬಿಟ್ಟುಬಿಡುತ್ತಿದ್ದೆ. ಒಂದು ತಿರುವಿನಲ್ಲಿ ಕೆಳಗಿನ ಬಯಲೆಲ್ಲ ಗೋಧಿ ಹೊಲದ ಹಸಿರಾಗಿ ಕಂಡಿತು. ಕೆಳಗೆ ತಲುಪಿದಾಗ ಸುಟ್ಟ ವಾಸನೆ ಇರಲಿಲ್ಲ, ಪೆಡಲ್ ಮೇಲೇ ಇತ್ತು. ತಿಪಟೂರಿನಲ್ಲಿ ಆಗ ನಡುರಾತ್ರಿ. ಆದರೂ ಕಾಲ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

ಸೋಮವಾರ ಕೆಲಸಕ್ಕೆ ಸೇರಿದೆ. ಪಾರ್ಕಿನಿಂದ ಆಸ್ಪತ್ರೆಗೆ ನಡೆದರೆ ಹತ್ತು ನಿಮಿಷ. ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತೇನೆ. ಮುಂದಿನ ಕಾಂಟ್ರಾಕ್ಟ್ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದಲ್ಲಿ. ಅಷ್ಟರೊಳಗೆ ಜನರೇಟರಿನ ಕಾರ್ಬೊರೇಟರ್ ಬಿಚ್ಚಿ ತೊಳೆಯಬೇಕು. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಬದಲಾಯಿಸಬೇಕು. ಬಲಗಡೆಯದರಲ್ಲಿ ಎಣ್ಣೆ ಜಿನುಗುತ್ತಿದೆ. ಭಾನುವಾರ ಅದರ ಫೋಟೋ ಕಳಿಸು ಅಂದಿದ್ದಾರೆ ಅಪ್ಪ.